ಸದ್ದು ಅಳೆಯಲು ಹೋದವರು ನಾವು, ಸದ್ದು ಮಾಡಿದವರೂ ನಾವೇ

ಗೋವಾಕ್ಕೆ ಬಂದವರಲ್ಲಿ ಸುಮಾರು ಜನ ಒಮ್ಮೆಯಾದರೂ ಡಾಲ್ಫಿನ್ ನೋಡಲು ಬೋಟು ಹತ್ತಿರುತ್ತಾರೆ. ಸಿಂಕೇರಿಂ, ಕೋಕೋ ಬೀಚ್ ಕಡೆಯಿಂದ ಹೊರಟು, ಮಾಂಡವಿ ಕಡಲು ಸೇರುವಲ್ಲಿ ಒಂದು ಸುತ್ತು ಹಾಕಿ, "ಅಲ್ಲಿ, ಅಲ್ಲಿ" ಅಂತ ಕೂಗಿ, ಮೊಬೈಲಲ್ಲಿ ಬರೀ ನೀರಿನ ಫೋಟೋ ತೆಗೆದುಕೊಂಡು ವಾಪಸ್. ನಾನು ಕಾರವಾರದಲ್ಲಿ ಸಾಗರ ಜೀವಶಾಸ್ತ್ರ ಓದಿ ಇಲ್ಲಿಗೆ ಬಂದವಳು. ಆ ಬೋಟುಗಳ ಸದ್ದಿಗೆ ಡಾಲ್ಫಿನ್‌ಗಳು ಏನು ಮಾಡುತ್ತವೆ ಅಂತ ನೋಡುವುದು ನನ್ನ ಕೆಲಸ. ಕೇಳಲು ಸುಲಭ ಅಲ್ವಾ? ನನಗೂ ಹಾಗೇ ಅನಿಸಿತ್ತು. ಮೊದಲ ತಿಂಗಳ ರೆಕಾರ್ಡಿಂಗ್ ಅಷ್ಟನ್ನೂ ಪಕ್ಕಕ್ಕೆ ಇಡಬೇಕಾಯಿತು.

ಇಲ್ಲಿ ದಡದ ಹತ್ತಿರ ಹೆಚ್ಚಾಗಿ ಕಾಣುವುದು ಹಂಪ್‌ಬ್ಯಾಕ್ ಡಾಲ್ಫಿನ್, ಬೆನ್ನ ಮೇಲೆ ಗೂನು ಇರುವಂಥದ್ದು. ಆಳ ಕಡಿಮೆ ಇರುವ ನೀರು, ನದಿ ಬಾಯಿ, ಇಂಥ ಕಡೆ ಇರುತ್ತವೆ. ಮೀನು ಅಲ್ಲಿ, ಬೋಟೂ ಅಲ್ಲೇ. ನದಿ ತರುವ ಕೆಸರು ನೀರಲ್ಲಿ ಕಣ್ಣು ನಂಬಿ ಬದುಕುವ ಹಾಗಿಲ್ಲ. ಸೀಟಿ ಹೊಡೆದು ಒಂದನ್ನೊಂದು ಕರೆಯುತ್ತವೆ, ಟಿಕ್ ಟಿಕ್ ಸದ್ದು ಬಿಟ್ಟು ತಿರುಗಿ ಬರುವ ದನಿಯಿಂದ ಮೀನು ಹುಡುಕುತ್ತವೆ. ದನಿ ಎಷ್ಟು ಕೀರಲು ಅನ್ನುವುದನ್ನು ಕಿಲೋಹರ್ಟ್ಸ್ ಲೆಕ್ಕದಲ್ಲಿ ಅಳೆಯುತ್ತಾರೆ, ನಮ್ಮ ಕಿವಿ 20 ಕಿಲೋಹರ್ಟ್ಸ್‌ಗೆ ನಿಂತುಬಿಡುತ್ತದೆ. ಡಾಲ್ಫಿನ್ ಕಿವಿ 100 ದಾಟಿದರೂ ಕೇಳುತ್ತದೆ. ಇದು ನನಗೆ ಪರೀಕ್ಷೆಗೆ ಬರೆಯುವಷ್ಟು ಗೊತ್ತಿತ್ತು. ಬೋಟಿನಲ್ಲಿ ಮಾತ್ರ ಮರೆತೇ ಹೋಗಿತ್ತು.

ಮೀನು ಹಿಡಿಯುವ ಒಂದು ಫೈಬರ್ ಬೋಟನ್ನು ಬಾಡಿಗೆಗೆ ಹಿಡಿದಿದ್ದೆವು. ಮಾಲೀಕರು ಇಲ್ಲಿಯವರು, ಜೊತೆಗೆ ಕೆಲಸಕ್ಕೆ ಬಾದಾಮಿ ಕಡೆಯ ಒಬ್ಬ ಹುಡುಗ. ಕ್ರಮ ಹೀಗೆ: ಇಂಜಿನ್ ಬಂದ್ ಮಾಡಿ, ಹೈಡ್ರೋಫೋನನ್ನು, ಅಂದರೆ ನೀರೊಳಗಿನ ಮೈಕನ್ನು, ಕೆಳಗೆ ಇಳಿಸಿ, 20 ನಿಮಿಷ ಸುಮ್ನೆ ಕೂರುವುದು. ಇದು 'ನಿಶ್ಶಬ್ದ' ಲೆಕ್ಕ. ಆಮೇಲೆ ಟೂರಿಸ್ಟ್ ಬೋಟುಗಳು ಬಂದಾಗ ಇನ್ನೊಂದು ರೆಕಾರ್ಡಿಂಗ್. ಎರಡನ್ನೂ ಹೋಲಿಸಿ ನೋಡುವುದು. ಮೊದಲ ಸಲ ಹೆಡ್‌ಫೋನ್ ಹಾಕಿದಾಗ ಕೇಳಿದ್ದು ಡಾಲ್ಫಿನ್ ಅಲ್ಲ, ಒಗ್ಗರಣೆಗೆ ಸಾಸಿವೆ ಹಾಕಿದ ಹಾಗೆ ಚಿಟಪಟ ಚಿಟಪಟ. ಅದು ಸಿಗಡಿ ಜಾತಿಯ ಒಂದು ಪುಟ್ಟ ಪ್ರಾಣಿ ಕೊಂಡಿ ಚಿಟಿಕೆ ಹೊಡೆಯುವ ಸದ್ದು. ಬೆಚ್ಚಗಿನ ಕಡಲುಗಳ ದಡದಲ್ಲಿ ಇದು ಮಾಮೂಲು. ನೀರೊಳಗೆ ಮೌನ ಅನ್ನುವುದು ಇಲ್ಲವೇ ಇಲ್ಲ.

ಒಂದು ಸಂಜೆ ರೂಮಿನಲ್ಲಿ ಕೂತು 'ನಿಶ್ಶಬ್ದ' ರೆಕಾರ್ಡಿಂಗಿನ ಚಿತ್ರ, ಅಂದರೆ ಯಾವ ಹೊತ್ತಿಗೆ ಯಾವ ದನಿ ಅಂತ ತೋರಿಸುವ ನಕ್ಷೆ, ತೆಗೆದು ನೋಡಿದರೆ, 50 ಕಿಲೋಹರ್ಟ್ಸ್ ಹತ್ತಿರ ಬಾಚಣಿಗೆ ಹಲ್ಲಿನಂತೆ ಗೆರೆ. ಒಂದರ ಪಕ್ಕ ಒಂದು, ಸಮ ಸಮ. ಡಾಲ್ಫಿನ್ ಟಿಕ್ ಸಿಕ್ಕಿತು ಅಂತ ಕುಣಿದು ನನ್ನ ಸಂಶೋಧನೆಯ ಗೈಡ್‌ಗೆ ಫೋಟೋ ಕಳಿಸಿದೆ. ಐದು ನಿಮಿಷಕ್ಕೆ ಉತ್ತರ ಬಂತು: "ಡಾಲ್ಫಿನ್ ಇಷ್ಟು ಶಿಸ್ತಾಗಿ ಟಿಕ್ ಮಾಡಲ್ಲ ಕಣಮ್ಮಾ." ನಿಜ. ಮೀನಿನ ಹತ್ತಿರ ಹೋಗುತ್ತಾ ಹೋಗುತ್ತಾ ಅವು ಟಿಕ್ ಬೇಗ ಬೇಗ ಬಿಡುತ್ತವೆ, ಗೆರೆಗಳ ನಡುವಿನ ಅಂತರ ಬದಲಾಗಲೇಬೇಕು. ಇದು ಗಡಿಯಾರದ ಹಾಗಿತ್ತು.

ಮಾರನೇ ದಿನ ಎಂದಿನಂತೆ ಇಂಜಿನ್ ಬಂದ್ ಮಾಡಿಸಿದೆ. ಹುಡುಗ ತಲೆ ಕೆರೆದುಕೊಂಡು, "ಅಕ್ಕಾರ, ಈ ಮೀನು ತೋರ್ಸೋ ಡಬ್ಬಿ ಚಾಲೂನೇ ಐತ್ರಿ, ಇದನ್ನೂ ಬಂದ್ ಮಾಡ್ಬೇಕೇನ್ರಿ?" ಅಂದ.

ಫಿಶ್ ಫೈಂಡರ್! ಬ್ಯಾಟರಿಯಲ್ಲಿ ನಡೆಯುತ್ತದೆ, ಇಂಜಿನ್ ನಿಂತರೂ ನಿಲ್ಲುವುದಿಲ್ಲ. ಅದು ನೀರಿಗೆ ಸದ್ದು ಬಿಟ್ಟೇ ಆಳ ಅಳೆಯುವುದು, ಮೀನು ತೋರಿಸುವುದು. ಆ ಸದ್ದು ನಮ್ಮ ಕಿವಿಗೆ ಬೀಳುವುದಿಲ್ಲ, ಆದರೆ ಡಾಲ್ಫಿನ್‌ಗೆ 50 ಕಿಲೋಹರ್ಟ್ಸ್ ಅಂದರೆ ಆರಾಮಾಗಿ ಕೇಳುವ ದನಿ. ಅಂದರೆ ನಾನು 'ನಿಶ್ಶಬ್ದ' ಅಂತ ಬರೆದುಕೊಂಡ ಪ್ರತಿ 20 ನಿಮಿಷವೂ ಅವಕ್ಕೆ ಯಾರೋ ಬಿಡದೆ ಬಾಗಿಲು ಬಡಿದ ಹಾಗಿತ್ತು. ತಿಂಗಳ ಕೆಲಸ ಹೋಯಿತು.

ಇನ್ನೊಂದು ಸಂಕಟ ಇದಕ್ಕಿಂತ ದೊಡ್ಡದು. ಸಾಧನ ಎಲ್ಲ ಬಂದ್ ಮಾಡಿದರೂ, ಅಲ್ಲಿಗೆ ಹೋಗಲು ನಾವು ಇಂಜಿನ್ ಹಾಕಿಕೊಂಡೇ ಹೋಗಬೇಕು. ಡಾಲ್ಫಿನ್ ಮುಳುಗಿ ದೂರ ಎದ್ದರೆ ಅದು ಟೂರಿಸ್ಟ್ ಬೋಟಿಗೆ ಹೆದರಿದ್ದೋ ನಮಗೋ? ಹೇಳುವುದಾದರೂ ಹೇಗೆ? ಹಾಗಾಗಿ ನಾವು ಗುಡ್ಡ ಹತ್ತಿದೆವು. ಅಗ್ವಾಡ ಕೋಟೆ ಕಡೆಯ ಎತ್ತರದಲ್ಲಿ ಥಿಯೋಡೊಲೈಟ್ ಇಟ್ಟು, ಅಂದರೆ ಸರ್ವೆಯವರು ಮೂರು ಕಾಲಿನ ಮೇಲೆ ಇಟ್ಟುಕೊಂಡು ನೋಡುವ ಯಂತ್ರ, ಡಾಲ್ಫಿನ್ ಎದ್ದಲ್ಲೆಲ್ಲ ಕೋನ ಬರೆದುಕೊಳ್ಳುವುದು. ನಿಂತ ಜಾಗದ ಎತ್ತರ ಗೊತ್ತಿದ್ದರೆ ಕೆಳಮುಖ ಕೋನದಿಂದ ದೂರ ಸಿಗುತ್ತದೆ. ಬೋಟಿನ ದಾರಿಯೂ ಅದೇ ಯಂತ್ರದಲ್ಲಿ. ಹುಬ್ಬಳ್ಳಿಯಿಂದ ಬಂದ ಒಂದು ಕುಟುಂಬ ನಮ್ಮನ್ನು ನೋಡಿ, "ಇಲ್ಲಿ ರೋಡ್ ಬರ್ತದೇನ್ರೀ ಮೇಡಂ?" ಅಂತ ಕೇಳಿತ್ತು.

ಈ ಎತ್ತರ ಅನ್ನುವುದು ಮೋಸ ಮಾಡುತ್ತದೆ. ನೀವು 50 ಮೀಟರ್ ಎತ್ತರದಲ್ಲಿದ್ದೀರಿ ಅಂದುಕೊಳ್ಳಿ. ನೀರು ಭರತದಲ್ಲಿ 2 ಮೀಟರ್ ಏರಿದ್ದನ್ನು ಲೆಕ್ಕಕ್ಕೆ ಹಿಡಿಯದಿದ್ದರೆ, 1 ಕಿಲೋಮೀಟರ್ ದೂರದ ಡಾಲ್ಫಿನ್ ಕಾಗದದ ಮೇಲೆ 40 ಮೀಟರ್ ಆಚೀಚೆ ಆಗುತ್ತದೆ. ಪ್ರತಿ ಕೋನದ ಜೊತೆ ಸಮಯ ಬರೆದು, ಭರತ ಇಳಿತದ ಪಟ್ಟಿ ನೋಡಿ ಸರಿ ಮಾಡಲೇಬೇಕು.

ಅದೇ ಪಟ್ಟಿ ಇನ್ನೊಂದು ಮರ್ಯಾದೆಯನ್ನೂ ಉಳಿಸಿತು. ಬೆಳಿಗ್ಗೆ ಹತ್ತೂವರೆ ಹೊತ್ತಿಗೆ ಬೋಟು ಜಾಸ್ತಿ ಆಗುತ್ತಿದ್ದವು, ಡಾಲ್ಫಿನ್‌ಗಳು ನದಿ ಬಾಯಿ ಬಿಟ್ಟು ಹೋಗುತ್ತಿದ್ದವು. ನೋಡಿ, ಸದ್ದಿಗೆ ಓಡಿದವು ಅಂತ ಬರೆದೂ ಬಿಟ್ಟಿದ್ದೆ. ಆದರೆ ಆ ಕೆಲವು ದಿನ ಹೆಚ್ಚುಕಡಿಮೆ ಅದೇ ಹೊತ್ತಿಗೆ ನೀರು ಇಳಿಯುತ್ತಿತ್ತು, ಮೀನೂ ನೀರಿನ ಜೊತೆ ಹೋಗುತ್ತದೆ. ಬೋಟು ಗಡಿಯಾರ ನೋಡಿ ಬರುತ್ತದೆ, ಭರತ ಮಾತ್ರ ದಿನಕ್ಕೆ ಸುಮಾರು 50 ನಿಮಿಷ ತಡ. ಹಾಗಾಗಿ ಎರಡು ವಾರ ಬಿಡದೆ ಕೂತರೆ ಎರಡೂ ಬೇರೆ ಬೇರೆ ಆಗುತ್ತವೆ. ಈಗ ಒಂದೇ ಇಳಿತದ ಹೊತ್ತು, ಬೋಟು ಕಡಿಮೆ ಇದ್ದ ವಾರದ ದಿನ ಮತ್ತು ಗಿಜಿಗುಟ್ಟುವ ಭಾನುವಾರ, ಹೀಗೆ ಜೋಡಿ ಮಾಡಿ ನೋಡುತ್ತೇವೆ. ದಾರಿಗಳನ್ನು ವಿಶ್ಲೇಷಿಸುವವರಿಗೆ ಡಾಲ್ಫಿನ್ ಗೆರೆ ಮಾತ್ರ ಕೊಡುತ್ತೇವೆ, ಬೋಟಿನ ಗೆರೆ ಕೊಡುವುದಿಲ್ಲ. ಗೊತ್ತಿದ್ದರೆ ಕಣ್ಣು ಬೇಕಾದ್ದನ್ನೇ ನೋಡುತ್ತದೆ, ನನ್ನ ಕಣ್ಣು ನೋಡಿದ ಹಾಗೆ.

ಏನು ಕಂಡಿತು ಅಂತ ಎಲ್ಲರೂ ಕೇಳುತ್ತಾರೆ. ನನ್ನ ಕಣ್ಣಿಗೆ ಕಂಡದ್ದು: ಒಂದೇ ವೇಗದಲ್ಲಿ ಸಾಗುವ ಬೋಟಿಗಿಂತ, ಹತ್ತಿರ ಬಂದು ಇಂಜಿನ್ ಇಳಿಸಿ ಮತ್ತೆ ಒಮ್ಮೆಲೇ ಎಬ್ಬಿಸುವ ಬೋಟಿಗೆ ಅವು ದಿಕ್ಕು ಬದಲಿಸುವುದು ಜಾಸ್ತಿ. ಏನೂ ಮಾಡದೆ ಮೀನು ಹಿಡಿಯುತ್ತಲೇ ಇದ್ದ ದಿನಗಳೂ ಇವೆ. ಅದನ್ನು ನೋಡಿ "ಅವಕ್ಕೆ ಅಭ್ಯಾಸ ಆಗಿದೆ ಬಿಡಿ" ಅನ್ನುವುದನ್ನು ನಾನು ಒಪ್ಪುವುದಿಲ್ಲ. ಊಟ ಇಲ್ಲೇ ಇದ್ದರೆ ಗಲಾಟೆ ಸಹಿಸಿಕೊಂಡು ಇರುವುದು ನಮಗೂ ಗೊತ್ತಿರುವ ವಿಷಯ ತಾನೇ. 2001ರ ಸೆಪ್ಟೆಂಬರ್ 11ರ ದಾಳಿಯ ನಂತರ ಕೆನಡಾದ ಫಂಡಿ ಕೊಲ್ಲಿಯಲ್ಲಿ ಹಡಗು ಓಡಾಟ ಕಡಿಮೆಯಾಗಿ, ನೀರೊಳಗಿನ ಸದ್ದು 6 ಡೆಸಿಬೆಲ್ ಇಳಿದಿತ್ತು. ಅಲ್ಲಿನ ರೈಟ್ ಅನ್ನುವ ಜಾತಿಯ ತಿಮಿಂಗಿಲಗಳ ಮಲ ಪರೀಕ್ಷೆ ಮಾಡಿದವರಿಗೆ ಒತ್ತಡದ ಹಾರ್ಮೋನೂ ಇಳಿದಿದ್ದು ಕಂಡಿತು. ಆ ವರದಿ 2012ರಲ್ಲಿ ಬಂತು. ಗುಡ್ಡದ ಮೇಲೆ ಥಿಯೋಡೊಲೈಟ್ ಇಟ್ಟುಕೊಂಡು ಕೂತವರಿಗೆ ಅಂಥ ಒಳಗಿನ ಒತ್ತಡ ಎಲ್ಲಿ ಕಾಣಬೇಕು?

  

ಈಗ ಬೋಟಿಗೆ ಹೋಗುವುದು ಸದ್ದು ಅಳೆಯುವುದಕ್ಕೆ ಮಾತ್ರ. ಹಗ್ಗ ಬೋಟಿಗೆ ಬಡಿಯದ ಹಾಗೆ ಕಟ್ಟುವುದು, ಡಬ್ಬಿ ಬಂದ್ ಮಾಡುವುದು ಎಲ್ಲ ಹುಡುಗನೇ ನೋಡಿಕೊಳ್ಳುತ್ತಾನೆ. ಹೋದ ತಿಂಗಳು ಡಾಲ್ಫಿನ್ ನೆಂಟ, ಬೆನ್ನುರೆಕ್ಕೆ ಇಲ್ಲದ ಪುಟ್ಟ ಪಾರ್ಪಸ್ ಒಂದು ಬೋಟಿನ ಪಕ್ಕದಲ್ಲೇ ಎದ್ದು, ಉಸಿರು ಬಿಟ್ಟು, ಮುಳುಗಿತು. ನಾವಿಬ್ಬರೂ ಕಣ್ಣಾರೆ ನೋಡಿದೆವು. ಅದರ ಟಿಕ್ 100 ಕಿಲೋಹರ್ಟ್ಸ್‌ಗಿಂತ ಮೇಲೆ, ನಮ್ಮ ರೆಕಾರ್ಡರ್ 96ಕ್ಕೆ ನಿಲ್ಲುತ್ತದೆ. ರಾತ್ರಿ ಫೈಲ್ ತೆಗೆದರೆ ಸಾಸಿವೆ ಚಿಟಪಟ ಬಿಟ್ಟು ಏನೂ ಇಲ್ಲ.