ಮುಖ್ಯಸ್ಥರ ದುರ್ನಡತೆ ಬಯಲಾದಾಗ ದಾನಿಗಳಿಗೆ ಏನು ಹೇಳಬೇಕು, ಹೇಗೆ ಹೇಳಬೇಕು

ಮಕ್ಕಳಿಗಾಗಿ ದುಡಿಯುವ ಸಂಸ್ಥೆಯೊಂದರ ಮುಖ್ಯಸ್ಥರ ಮೇಲೆ ಗಂಭೀರ ಆರೋಪ ಬಂದ ದಿನ ಆಡಳಿತ ಮಂಡಳಿಯವರ ಮನಸ್ಸು ಮೊದಲು ಓಡುವುದು ದೇಣಿಗೆಯ ಕಡೆಗೆ. ಅದು ಸಹಜವೇ, ಆದರೆ ಆ ದಿನದ ಮೊದಲ ಕೆಲಸ ಅದಲ್ಲ. ಆರೋಪಕ್ಕೆ ಒಳಗಾದವರು ಮಕ್ಕಳ ಬಳಿ ಸುಳಿಯದಂತೆ ಅವರನ್ನು ಕೆಲಸದಿಂದ ದೂರವಿಡಬೇಕು. ಬ್ಯಾಂಕ್ ಖಾತೆಯ ಸಹಿ ಅಧಿಕಾರ, ಕಚೇರಿಯ ಕೀಲಿ, ಇಮೇಲ್ ಪಾಸ್‌ವರ್ಡ್, ದಾನಿಗಳ ಪಟ್ಟಿ ಎಲ್ಲವನ್ನೂ ಅದೇ ದಿನ ಅವರಿಂದ ಹಿಂದಕ್ಕೆ ಪಡೆಯಬೇಕು. ಮಗುವಿಗೆ ತೊಂದರೆಯಾಗಿರುವ ಸಂಶಯವಿದ್ದರೆ ಪೊಲೀಸರಿಗೂ ಮಕ್ಕಳ ರಕ್ಷಣೆಯ ಅಧಿಕಾರಿಗಳಿಗೂ ತಿಳಿಸಬೇಕು. ಮಗುವನ್ನು ಕಚೇರಿಯಲ್ಲಿ ಕೂರಿಸಿ ಒಬ್ಬರಾದ ಮೇಲೊಬ್ಬರು ಪ್ರಶ್ನಿಸುವುದು ಖಂಡಿತ ಕೂಡದು. ನೊಂದ ಮಾತನ್ನೇ ಮತ್ತೆ ಮತ್ತೆ ಹೇಳಿಸಿದರೆ ಮಗುವಿಗೆ ಹಿಂಸೆ, ಮುಂದಿನ ತನಿಖೆಗೆ ತೊಡಕು. ದಾನಿಗಳ ವಿಶ್ವಾಸ ಉಳಿಯುವುದೂ ಇಲ್ಲಿಂದಲೇ, ಏಕೆಂದರೆ ಅವರು ಕೇಳುವ ಮೊದಲ ಪ್ರಶ್ನೆ, "ಗೊತ್ತಾದ ದಿನ ನೀವು ಏನು ಮಾಡಿದಿರಿ?" ಎಂಬುದೇ ಆಗಿರುತ್ತದೆ.

ಇಷ್ಟಾದ ಕೂಡಲೇ ದಾನಿಗಳಿಗೆ ಪತ್ರ ಹೋಗಬೇಕು. ತನಿಖೆ ಮುಗಿಯಲಿ ಎಂದು ಕಾಯಬಾರದು. ಸಿಬ್ಬಂದಿಗೆ ಬೆಳಿಗ್ಗೆ ತಿಳಿಸಿದರೆ ದಾನಿಗಳಿಗೆ ಸಂಜೆಯೊಳಗೆ ತಿಳಿಸುವುದು ಒಳ್ಳೆಯದು. ಪತ್ರಿಕೆಯಲ್ಲಿ ಓದಿ ತಿಳಿದುಕೊಂಡ ದಾನಿಯೂ ಸಂಸ್ಥೆಯ ಬಾಯಿಂದಲೇ ಕೇಳಿದ ದಾನಿಯೂ ಮುಂದೆ ನಡೆದುಕೊಳ್ಳುವ ರೀತಿ ಬೇರೆ. ಪತ್ರ ಹೀಗಿರಬಹುದು:

"ನಮ್ಮ ಆಶ್ರಯದಲ್ಲಿರುವ ಮಗುವೊಂದರೊಡನೆ ಸಂಸ್ಥೆಯ ಮುಖ್ಯಸ್ಥರು ಅನುಚಿತವಾಗಿ ನಡೆದುಕೊಂಡರೆಂಬ ದೂರು ಸೋಮವಾರ ನಮಗೆ ಬಂದಿದೆ. ಅದೇ ದಿನ ಅವರನ್ನು ಅಮಾನತಿನಲ್ಲಿಟ್ಟು ಪೊಲೀಸರಿಗೆ ತಿಳಿಸಿದ್ದೇವೆ. ಮಗು ಸುರಕ್ಷಿತವಾಗಿದೆ, ಅದರ ಗುರುತು ಸಿಗುವಂಥ ಯಾವ ವಿವರವನ್ನೂ ನಾವು ಕೊಡುವುದಿಲ್ಲ. ಹಿಂದೆಯೂ ಇಂಥ ದೂರುಗಳಿದ್ದವೇ ಎಂಬುದು ನಮಗಿನ್ನೂ ತಿಳಿದಿಲ್ಲ. ಮುಂದಿನ ತಿಂಗಳ 15ರಂದು ಮತ್ತೆ ಬರೆಯುತ್ತೇವೆ."

ಇದರಲ್ಲಿ ತೀರ್ಪು ಇಲ್ಲ, ಮುಚ್ಚುಮರೆಯೂ ಇಲ್ಲ. "ಕೆಲವು ಲೋಪಗಳು", "ವೈಯಕ್ತಿಕ ಕಾರಣಗಳಿಂದ ರಾಜೀನಾಮೆ", "ಇದೊಂದು ಬಿಡಿ ಘಟನೆ" ಎಂಬಂಥ ಮಾತುಗಳನ್ನು ಹೊಡೆದುಹಾಕಿ. ಬಿಡಿ ಘಟನೆ ಹೌದೋ ಅಲ್ಲವೋ ಎಂಬುದು ಆ ಹೊತ್ತಿಗೆ ಯಾರಿಗೂ ಗೊತ್ತಿರುವುದಿಲ್ಲ. ವಕೀಲರಿಗೆ ಕರಡನ್ನು ತೋರಿಸಲೇಬೇಕು, ಆದರೆ ಅವರಿಂದ ಪತ್ರ ಬರೆಸಬಾರದು. ಮಕ್ಕಳ ಫೋಟೊ ಬೇಡ. ದೇಣಿಗೆಯ ಮನವಿಯಂತೂ ಆ ಪತ್ರದ ಕೊನೆಯ ಸಾಲಿನಲ್ಲಿಯೂ ಇರಬಾರದು.

ಅರ್ಧ ಸತ್ಯದ ಬೆಲೆ ತಡವಾಗಿ ತಿಳಿಯುತ್ತದೆ. ಭೂಕಂಪದಿಂದ ನಲುಗಿದ ಹೈಟಿಯಲ್ಲಿ ಕೆಲಸ ಮಾಡುತ್ತಿದ್ದ ತನ್ನ ಸಿಬ್ಬಂದಿಯ ದುರ್ನಡತೆಯ ಬಗ್ಗೆ ಬ್ರಿಟನ್ನಿನ ಆಕ್ಸ್‌ಫ್ಯಾಮ್ ಸಂಸ್ಥೆ 2011ರಲ್ಲೇ ಹೇಳಿಕೆ ಕೊಟ್ಟಿತ್ತು, ಆದರೆ ಅದು ಲೈಂಗಿಕ ದುರ್ನಡತೆ ಎಂಬುದನ್ನು ಹೇಳಿರಲಿಲ್ಲ. ಅಲ್ಲಿನ ಮುಖ್ಯಸ್ಥರು ರಾಜೀನಾಮೆ ಕೊಟ್ಟು ಹೋಗಲು ಬಿಟ್ಟಿತ್ತು. 2018ರ ಫೆಬ್ರವರಿಯಲ್ಲಿ ಪತ್ರಿಕೆಯೊಂದು ವಿಷಯವನ್ನು ಹೊರಗೆಳೆದಾಗ ಕೆಲವೇ ದಿನಗಳಲ್ಲಿ ಸುಮಾರು 7,000 ನಿಯಮಿತ ದಾನಿಗಳು ದೇಣಿಗೆ ನಿಲ್ಲಿಸಿದರು. ಏಳು ವರ್ಷ ಹಿಂದಿನ ತಪ್ಪಿನಷ್ಟೇ ಅದನ್ನು ಪೂರ್ತಿ ಹೇಳದೆ ಉಳಿಸಿಕೊಂಡದ್ದೂ ದಾನಿಗಳನ್ನು ನೋಯಿಸಿತೆಂದು ನಾನು ನಂಬುತ್ತೇನೆ.

ಪತ್ರ ತಲುಪಿದ ಮೇಲೆ ಫೋನ್‌ಗಳು ಬರತೊಡಗುತ್ತವೆ. ಉತ್ತರಿಸುವವರ ಮುಂದೆ ಒಂದು ಪುಟದ ಟಿಪ್ಪಣಿ ಇರಲಿ, ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆನ್ನುವ ಅನುಮತಿಯೂ ಅವರಿಗಿರಲಿ. ಹತ್ತು ವರ್ಷಗಳಿಂದ ಕೊಡುತ್ತಿರುವ ಹಿರಿಯರೊಬ್ಬರು, "ನನ್ನ ತಿಂಗಳ ದೇಣಿಗೆ ನಿಲ್ಲಿಸಿಬಿಡಿ" ಎಂದರೆ ವಾದಕ್ಕಿಳಿಯದೆ ಅಂದೇ ನಿಲ್ಲಿಸಿ, ಇಷ್ಟು ವರ್ಷ ಕೊಟ್ಟದ್ದಕ್ಕೆ ವಂದಿಸಿ, ತನಿಖೆಯ ಫಲಿತಾಂಶ ಕಳಿಸಬಹುದೇ ಎಂದು ಕೇಳಿ. ಬಹಳಷ್ಟು ಜನ ಹೂಂ ಎನ್ನುತ್ತಾರೆ. "ನೀವು ನಿಲ್ಲಿಸಿದರೆ ಮಕ್ಕಳು ಉಪವಾಸ ಬೀಳುತ್ತಾರೆ" ಎನ್ನುವುದು ಮಾತ್ರ ದೊಡ್ಡವರ ತಪ್ಪಿಗೆ ಮಕ್ಕಳನ್ನು ಗುರಾಣಿಯಾಗಿ ಹಿಡಿದಂತೆ. ಅದನ್ನು ಯಾರೂ ಹೇಳದಂತೆ ಕಟ್ಟುನಿಟ್ಟಾಗಿ ತಿಳಿಸಬೇಕು. ಬಂದ ಪ್ರತಿಯೊಂದು ಪ್ರಶ್ನೆಯನ್ನೂ ಬರೆದಿಟ್ಟುಕೊಂಡರೆ ಮುಂದಿನ ಪತ್ರದಲ್ಲಿ ಏನಿರಬೇಕೆಂಬುದು ತಾನಾಗಿ ತಿಳಿಯುತ್ತದೆ.

ತನಿಖೆ ಹೊರಗಿನವರಿಂದಲೇ ಆಗಬೇಕು. ಮುಖ್ಯಸ್ಥರ ಸ್ನೇಹಿತರೋ ಬಂಧುಗಳೋ ಮಂಡಳಿಯಲ್ಲಿದ್ದರೆ ಅವರು ಈ ವಿಷಯದ ಸಭೆಗಳಿಂದ ಹೊರಗುಳಿಯಬೇಕು. ಮನೆ ಬಿಟ್ಟು ಬಂದ ಮಕ್ಕಳಿಗೆ ಆಶ್ರಯ ಕೊಡುವ ನ್ಯೂಯಾರ್ಕಿನ ಕವೆನೆಂಟ್ ಹೌಸ್ ಸಂಸ್ಥೆಯ ಸ್ಥಾಪಕ ಪಾದ್ರಿ ಬ್ರೂಸ್ ರಿಟರ್, ಲೈಂಗಿಕ ದುರ್ನಡತೆಯ ಆರೋಪಗಳನ್ನು ನಿರಾಕರಿಸುತ್ತಲೇ, 1990ರ ಫೆಬ್ರವರಿಯಲ್ಲಿ ರಾಜೀನಾಮೆ ಕೊಟ್ಟಾಗ ದೇಣಿಗೆ ಕುಸಿಯಿತು. ಮಂಡಳಿ ಹೊರಗಿನ ವಕೀಲರಿಂದಲೂ ತನಿಖಾ ಸಂಸ್ಥೆಯಿಂದಲೂ ವಿಚಾರಣೆ ನಡೆಸಿ ಅದೇ ವರ್ಷದ ಆಗಸ್ಟ್‌ನಲ್ಲಿ ವರದಿಯನ್ನು ಜನರ ಮುಂದಿಟ್ಟಿತು. ಆ ಬಳಿಕ ಹೊಣೆ ಹೊತ್ತ ಸಿಸ್ಟರ್ ಮೇರಿ ರೋಸ್ ಮೆಕ್‌ಗೇಡಿ 2003ರವರೆಗೆ ಸಂಸ್ಥೆಯನ್ನು ನಡೆಸಿದರು, ಸಂಸ್ಥೆ ಉಳಿಯಿತು. ಸ್ಥಾಪಕರ ಮುಖವೇ ಸಂಸ್ಥೆಯ ಮುಖವಾಗಿರುವ ಕಡೆ ಅವರ ಚಿತ್ರವನ್ನು ಹೊಸ ಮನವಿಪತ್ರಗಳಿಂದ ತೆಗೆಯಬೇಕು, ಆದರೆ ಹಳೆಯ ದಾಖಲೆಗಳಿಂದ ಅವರ ಹೆಸರನ್ನು ಅಳಿಸಬಾರದು.

ದುರ್ನಡತೆ ಹಣದ್ದಲ್ಲದಿದ್ದರೂ ದಾನಿಗಳು ಹಣದ ಬಗ್ಗೆ ಕೇಳಿಯೇ ಕೇಳುತ್ತಾರೆ. ತನಿಖೆಗೆ ಎಷ್ಟು ಖರ್ಚಾಯಿತು, ಅದು ಯಾವ ನಿಧಿಯಿಂದ ಹೋಯಿತು, ಮುಖ್ಯಸ್ಥರಿಗೆ ಹೋಗುವಾಗ ಏನಾದರೂ ಕೊಟ್ಟಿರಾ, ಬಾಯಿ ಮುಚ್ಚಿಸುವ ಒಪ್ಪಂದವೇನಾದರೂ ಇದೆಯೇ ಎಂಬುದನ್ನು ಅಂಕಿಗಳ ಸಮೇತ ಹೇಳಿ. ಮಕ್ಕಳ ಓದಿಗೆಂದೇ ಬಂದ ಹಣವನ್ನು ವಕೀಲರ ಶುಲ್ಕಕ್ಕೆ ಮುಟ್ಟಕೂಡದು. ಹಾಗೆಯೇ 15ಕ್ಕೆ ಬರೆಯುತ್ತೇವೆ ಎಂದ ಮೇಲೆ, ಹೇಳಲು ಹೊಸದೇನೂ ಇಲ್ಲದಿದ್ದರೂ, 15ಕ್ಕೆ ಬರೆಯಬೇಕು.

ಬದಲಾವಣೆಗಳನ್ನು ತಿಳಿಸುವಾಗ ಪರಿಶೀಲಿಸಲು ಬರುವಂಥವನ್ನೇ ಹೇಳಿ. ದೂರುಗಳು ಮುಖ್ಯಸ್ಥರ ಮೇಜಿಗೆ ಬಾರದೆ ನೇರವಾಗಿ ಮಂಡಳಿಯ ಗೊತ್ತುಪಡಿಸಿದ ಒಬ್ಬ ಸದಸ್ಯರಿಗೆ ತಲುಪುವ ವ್ಯವಸ್ಥೆ ಅಂಥದ್ದು. ಮಕ್ಕಳು ತಾವೇ ಓದಿ ಬಳಸಬಲ್ಲ ದೂರಿನ ದಾರಿ ಅಂಥದ್ದು. ದುರ್ನಡತೆಗಾಗಿ ಹೊರಬಿದ್ದವರು ಇನ್ನೊಂದು ಸಂಸ್ಥೆಯಲ್ಲಿ ಸದ್ದಿಲ್ಲದೆ ಸೇರಿಕೊಳ್ಳುವುದನ್ನು ತಡೆಯಲು, ನೇಮಕಾತಿಗೆ ಮುನ್ನ ಸಂಸ್ಥೆಗಳು ಪರಸ್ಪರ ಮಾಹಿತಿ ಕೊಡುವ ಅಂತರರಾಷ್ಟ್ರೀಯ ಯೋಜನೆಯೊಂದು 2019ರಿಂದ ಜಾರಿಯಲ್ಲಿದೆ. ಅದಕ್ಕೆ ಸೇರದಿದ್ದರೂ ಒಂದು ಕೆಲಸ ನಿಮ್ಮ ಕೈಯಲ್ಲೇ ಇದೆ: ತನಿಖೆಯಲ್ಲಿ ತಪ್ಪು ಸಾಬೀತಾದ ಮುಖ್ಯಸ್ಥರಿಗೆ ಹೊಗಳಿಕೆಯ ಶಿಫಾರಸು ಪತ್ರ ಕೊಡಬೇಡಿ, ಮತ್ತು ಕೊಡಲಿಲ್ಲವೆಂಬುದನ್ನು ದಾನಿಗಳಿಗೆ ಬರೆದು ತಿಳಿಸಿ.