ಪಿಎಚ್‌ಡಿ ಓದು: ಅಡ್ಡಕ್ಕೆ ತುಂಬಿಸಿ, ಕೆಳಕ್ಕೆ ಓದಿ
ಕೊಣಾಜೆ, ಮಣಿಪಾಲದಲ್ಲಿ ಪಿಎಚ್‌ಡಿ ಮಾಡುತ್ತಿರುವವರಿಗೆ: ಓದಿದ ಸಂಶೋಧನಾ ಪೇಪರ್‌ಗಳನ್ನು ಎಕ್ಸೆಲ್‌ನಲ್ಲಿ ಸಾಲಿಗೊಂದರಂತೆ ಹಾಕಿ, ಕಾಲಂಗಳಿಗೆ ನಿಮ್ಮ ಪ್ರಶ್ನೆಗಳನ್ನೇ ತಲೆಬರಹ ಕೊಡಿ. ತುಂಬಿಸುವುದು ಅಡ್ಡಕ್ಕೆ, ಬರೆಯಲು ಕೂತಾಗ ಓದುವುದು ಮೇಲಿಂದ ಕೆಳಕ್ಕೆ. ಬೂತಾಯಿ ಮೀನು ಒಂದು ವರ್ಷ ರಾಶಿ ಬಿದ್ದು ಇನ್ನೊಂದು ವರ್ಷ ಯಾಕೆ ಸಿಗುವುದಿಲ್ಲ ಅನ್ನೋದು ವಿಷಯ ಅಂದ್ಕೊಳ್ಳಿ. ‘ಕಾರಣ’ ಕಾಲಂ ಒಂದನ್ನೇ ಇಳಿದು ಓದಿದರೆ ಮಳೆ ಅಂದವರು, ಸಮುದ್ರದ ಬಿಸಿ ಅಂದವರು, ಅತಿಯಾಗಿ ಹಿಡಿದದ್ದೇ ತಪ್ಪು ಅಂದವರು ಒಟ್ಟಿಗೆ ಕಾಣುತ್ತಾರೆ, ಜಗಳ ಎಲ್ಲಿದೆ ಅಂತ ಗೊತ್ತಾಗುತ್ತದೆ. ಒಂದೊಂದೇ ಪೇಪರಿನ ಸಾರಾಂಶ ಬರೆದರೆ ‘ಇವರು ಹೀಗಂದರು, ಅವರು ಹಾಗಂದರು’ ಅಷ್ಟೇ ಅಲ್ವಾ? ಖಾಲಿ ಸೆಲ್ ಜಾಸ್ತಿ ಇರುವ ಕಾಲಂ ಅಳಿಸಬೇಡಿ, ನಿಮ್ಮ ಗ್ಯಾಪ್, ಅಂದರೆ ಇನ್ನೂ ಯಾರೂ ಸರಿಯಾಗಿ ಉತ್ತರಿಸದ ಪ್ರಶ್ನೆ, ಅಲ್ಲೇ ಇರಬಹುದು. ಪ್ರಶ್ನೆಯೇ ಇನ್ನೂ ಗಟ್ಟಿಯಾಗದಿದ್ದರೆ ಮಾತ್ರ ಇದು ನಡೆಯುವುದಿಲ್ಲ, ಕಾಲಂ ದಿನಾ ಬದಲಾಗುತ್ತದೆ. ಅಂಥವರು ಮೊದಲು ಹತ್ತು ಹನ್ನೆರಡು ಪೇಪರ್ ಸುಮ್ನೆ ಓದಿ.