ಹ್ಯಾಕ್ಸ್ 2.0: ಐದು ನಿಮಿಷದ ಅಪ್‌ಡೇಟ್, ಎರಡು ಸಂಜೆಯ ಕಳೆ ಕೀಳುವ ಕೆಲಸ

ಮೈಸೂರಿನ ನಮ್ಮ ಮನೆಯಲ್ಲಿ ಸಂಪಿನ ನೀರನ್ನು ಓವರ್‌ಹೆಡ್ ಟ್ಯಾಂಕಿಗೆ ಏರಿಸುವ ಜವಾಬ್ದಾರಿ ಹೋಮ್ ಅಸಿಸ್ಟೆಂಟ್ ಎಂಬ, ಮನೆಯ ಸಾಧನಗಳನ್ನು ನಡೆಸುವ ತಂತ್ರಾಂಶದ್ದು. ಟಿವಿಯ ಹಿಂದೆ ಕುಳಿತಿರುವ ರಾಸ್ಪ್‌ಬೆರಿ ಪೈ 4 ಎಂಬ ಪುಟ್ಟ ಕಂಪ್ಯೂಟರ್, ಟ್ಯಾಂಕಿನ ಮಟ್ಟ ಅಳೆಯುವ ಒಂದು ಸೆನ್ಸರ್, ಮೋಟರಿನ ಸ್ಟಾರ್ಟರಿಗೆ ಸೇರಿಸಿದ ಒಂದು ರಿಲೇ, ಇಷ್ಟೇ ಸರಂಜಾಮು. ಆದರೆ ಪರದೆಯ ಮೇಲೆ ಮನೆಯವರ ಕಣ್ಣಿಗೆ ಬೀಳುವುದರಲ್ಲಿ ಹೆಚ್ಚಿನದು ಹ್ಯಾಕ್ಸ್‌ನಿಂದ, ಎಂದರೆ ಹೋಮ್ ಅಸಿಸ್ಟೆಂಟ್ ಕಮ್ಯುನಿಟಿ ಸ್ಟೋರ್‌ನಿಂದ, ಬಂದದ್ದು. 2024ರ ಆಗಸ್ಟ್‌ನಲ್ಲಿ ಅದರ 2.0 ಆವೃತ್ತಿ ಬಿಡುಗಡೆಯಾದಾಗ ನಾನು ತಕ್ಷಣ ಕೈಹಾಕಲಿಲ್ಲ. ನೀರಿನ ವಿಷಯದಲ್ಲಿ ಪ್ರಯೋಗ ಮಾಡಿ ಬೈಸಿಕೊಂಡ ನೆನಪು ಇನ್ನೂ ಹಸಿಯಾಗಿತ್ತು.

ಹೋಮ್ ಅಸಿಸ್ಟೆಂಟ್‌ನೊಳಗೆ ಅಧಿಕೃತವಾಗಿ ಸೇರಿರದ, ಬಳಕೆದಾರರೇ ಬರೆದು ಗಿಟ್‌ಹಬ್ ಎಂಬ ಕೋಡ್ ಹಂಚುವ ತಾಣದಲ್ಲಿ ಇಟ್ಟಿರುವ ಇಂಟಿಗ್ರೇಷನ್ (ಸಾಧನವನ್ನು ಜೋಡಿಸುವ ಕೋಡ್), ಕಾರ್ಡ್ (ಪರದೆಯ ಮೇಲೆ ಮಾಹಿತಿ ತೋರಿಸುವ ಚೌಕ) ಮತ್ತು ಥೀಮ್‌ಗಳನ್ನು ಹುಡುಕಿ ಇಳಿಸಿಕೊಳ್ಳಲು ಯೋಆಕಿಮ್ ಸೋರೆನ್ಸನ್ 2019ರಲ್ಲಿ ಆರಂಭಿಸಿದ ಯೋಜನೆ ಇದು. ಇದಿಲ್ಲದಿದ್ದರೆ, ಉದಾಹರಣೆಗೆ, ಇಂಟಿಗ್ರೇಷನ್ನಿನ ಕಡತಗಳನ್ನು ‘ಕಸ್ಟಮ್ ಕಾಂಪೊನೆಂಟ್ಸ್’ ಫೋಲ್ಡರಿಗೆ ಕೈಯಾರೆ ನಕಲು ಮಾಡಿ, ಹೊಸ ಆವೃತ್ತಿ ಬಂತೇ ಎಂದು ನಾವೇ ಹೋಗಿ ನೋಡುತ್ತಿರಬೇಕು. ಅನೇಕರು ಇದನ್ನು ಆಡ್-ಆನ್ ಅಂಗಡಿ ಎಂದೇ ಕರೆಯುತ್ತಾರಾದರೂ, ಹೋಮ್ ಅಸಿಸ್ಟೆಂಟ್‌ನ ಪರಿಭಾಷೆಯಲ್ಲಿ ಆಡ್-ಆನ್ (2026ರಿಂದ ಅದರ ಹೆಸರು ‘ಆ್ಯಪ್’) ಎಂದರೆ ಪಕ್ಕದಲ್ಲಿ ಪ್ರತ್ಯೇಕವಾಗಿ ಓಡುವ ತಂತ್ರಾಂಶ. ಅದು ಇಲ್ಲಿ ಸಿಗುವುದಿಲ್ಲ.

2.0ರ ದೊಡ್ಡ ಬದಲಾವಣೆ ಕಣ್ಣಿಗೆ ಕಾಣುವಂಥದ್ದಲ್ಲ. ಹಿಂದೆ ಪ್ರತಿಯೊಂದು ಮನೆಯ ಹ್ಯಾಕ್ಸ್ ತನ್ನ ಪಟ್ಟಿಯಲ್ಲಿರುವ ಯೋಜನೆಗಳ ಮಾಹಿತಿಯನ್ನು ಗಿಟ್‌ಹಬ್‌ನ ಎಪಿಐ (ತಂತ್ರಾಂಶಗಳು ಮಾಹಿತಿ ಕೇಳಿ ಪಡೆಯುವ ಬಾಗಿಲು) ಮೂಲಕ ತಾನೇ ಕೇಳಿ ತರುತ್ತಿತ್ತು. ಅಲ್ಲಿ ಲಾಗಿನ್ ಆದ ಒಂದು ಖಾತೆಗೆ ಸಾಮಾನ್ಯವಾಗಿ ಗಂಟೆಗೆ 5,000 ವಿನಂತಿಗಳ ಮಿತಿಯಿದೆ. ಯೋಜನೆಗಳು ಹೆಚ್ಚಿದಂತೆಲ್ಲ ಆ ಮಿತಿ ಬೇಗ ಮುಟ್ಟುತ್ತಿತ್ತು. ಈಗ ಹ್ಯಾಕ್ಸ್‌ನವರೇ ಒಂದು ಕಡೆ ಮಾಹಿತಿ ಕಲೆಹಾಕಿ ಎಲ್ಲರಿಗೂ ಹಂಚುತ್ತಾರೆ. ನಾವೇ ವಿಳಾಸ ಕೊಟ್ಟು ಸೇರಿಸಿಕೊಂಡ ಕಸ್ಟಮ್ ರೆಪಾಸಿಟರಿಗಳಿಗೆ (ಪಟ್ಟಿಯಲ್ಲಿಲ್ಲದ ಕೋಡ್ ಸಂಗ್ರಹಗಳಿಗೆ) ಮಾತ್ರ ಹಳೆಯ ದಾರಿಯೇ ಉಳಿದಿದೆ.

ಅಪ್‌ಡೇಟ್ ಮಾಡುವ ಮೊದಲು ಪೂರ್ಣ ಬ್ಯಾಕಪ್ ತೆಗೆದು ಲ್ಯಾಪ್‌ಟಾಪ್‌ಗೆ ಇಳಿಸಿಕೊಂಡೆ. ಬ್ಯಾಕಪ್ ಪೈಯ ಎಸ್‌ಡಿ ಕಾರ್ಡಿನಲ್ಲೇ ಉಳಿದರೆ ಕಾರ್ಡು ಕೆಟ್ಟ ದಿನ ಅದೂ ಜೊತೆಗೇ ಹೋಗುತ್ತದೆ. ಬಳಿಕ ಒಂದು ನೋಟ್‌ಬುಕ್ಕಿನಲ್ಲಿ ನಾನು ಹ್ಯಾಕ್ಸ್‌ನಿಂದ ತಂದದ್ದನ್ನೆಲ್ಲ ಬರೆದು, ಯಾವುದು ಎಲ್ಲಿ ಬಳಕೆಯಲ್ಲಿದೆ, ಅದರ ಕರ್ತೃ ಕೊನೆಯದಾಗಿ ಯಾವಾಗ ಆವೃತ್ತಿ ಹೊರತಂದಿದ್ದಾರೆ ಎಂದು ಎರಡು ಕಾಲಂ ಎಳೆದೆ. ಒಟ್ಟು 17 ಬಾಬತ್ತುಗಳು. ಅವುಗಳಲ್ಲಿ ಆರನ್ನು ಏಕೆ ತಂದೆನೆಂಬುದೇ ನೆನಪಿಗೆ ಬರಲಿಲ್ಲ. ಗೀಸರಿನ ಸ್ಮಾರ್ಟ್ ಪ್ಲಗ್ಗಿನ ಇಂಟಿಗ್ರೇಷನ್ ಒಂದನ್ನು ಬರೆದವರು ಅದನ್ನು ಆರ್ಕೈವ್ ಮಾಡಿ ಕೈಬಿಟ್ಟಿದ್ದರು; ಬಿಡುವಿನ ವೇಳೆಯಲ್ಲಿ ಬಿಟ್ಟಿಯಾಗಿ ದುಡಿಯುವವರ ಮೇಲೆ ದೂರಲು ನನಗೆ ಯಾವ ಹಕ್ಕೂ ಇಲ್ಲ. ಆ ಪ್ಲಗ್ಗಿನ ಜಾಗಕ್ಕೆ 16 ಆಂಪಿಯರಿನ, ಜಿಗ್‌ಬೀ ಎಂಬ ನಿಸ್ತಂತು ವಿಧಾನದ ಪ್ಲಗ್ ಹಾಕಿಸಿದೆ.

ಬೇಡವಾದದ್ದನ್ನು ತೆಗೆಯುವುದಕ್ಕೂ ಒಂದು ಕ್ರಮವಿದೆ. ಮೊದಲು ಸೆಟ್ಟಿಂಗ್ಸ್‌ನ ಸಾಧನಗಳ ಪುಟದಲ್ಲಿ ಇಂಟಿಗ್ರೇಷನ್ ಅಳಿಸಬೇಕು, ನಂತರ ಹ್ಯಾಕ್ಸ್‌ನಿಂದ ತೆಗೆಯಬೇಕು, ಕೊನೆಗೆ ರೀಸ್ಟಾರ್ಟ್ ಮಾಡಬೇಕು. ಇದನ್ನು ಹಿಂದುಮುಂದಾಗಿ ಮಾಡಿದರೆ ಕಡತಗಳಿಲ್ಲದ ಇಂಟಿಗ್ರೇಷನ್ನಿನ ನಮೂದು ಪುಟದಲ್ಲಿ ದೋಷದ ಸೂಚನೆಯೊಂದಿಗೆ ಹಾಗೆಯೇ ಉಳಿದುಬಿಡುತ್ತದೆ.

ಈ ಕಳೆ ಕೀಳುವುದಕ್ಕೆ ಎರಡು ಸಂಜೆ ಹಿಡಿಯಿತು. 1.34ರಿಂದ 2.0ಕ್ಕೆ ಏರಿದ್ದು ರೀಸ್ಟಾರ್ಟ್ ಸೇರಿ ಐದು ನಿಮಿಷದಲ್ಲಿ ಮುಗಿಯಿತು. ಹಿಂದೆ ಬೇರೆ ಬೇರೆ ಪುಟಗಳಲ್ಲಿ ಹಂಚಿಹೋಗಿದ್ದ ಇಂಟಿಗ್ರೇಷನ್‌ಗಳೂ ಕಾರ್ಡುಗಳೂ ಈಗ ಒಂದೇ ಪಟ್ಟಿಯಲ್ಲಿ, ಇಳಿಸಿಕೊಂಡದ್ದು, ಹೊಸದು, ಅಪ್‌ಡೇಟ್‌ಗೆ ಕಾದಿರುವುದು ಎಂದು ವಿಂಗಡಿಸಿಕೊಂಡು ನಿಂತಿದ್ದವು. ಎಲ್ಲವೂ ಸರಿಯಾಯಿತೆಂದು ಮಲಗಿದೆ.

ಬೆಳಿಗ್ಗೆ ಆರು ಗಂಟೆಗೆ ಅಮ್ಮ ಫೋನು ಹಿಡಿದು ಬಂದರು. “ಟ್ಯಾಂಕಿನ ಗೆರೆ ಎಲ್ಲಿ ಹೋಯ್ತೋ? ಇಲ್ಲೇನೋ ಕೆಂಪಗೆ ಇಂಗ್ಲಿಷಿನಲ್ಲಿ ಬರೆದಿದೆ.” ನೀರಿನ ಮಟ್ಟದ ಏರಿಳಿತ ತೋರಿಸುತ್ತಿದ್ದ ಮಿನಿ ಗ್ರಾಫ್ ಕಾರ್ಡ್ ಇರಬೇಕಾದಲ್ಲಿ, ಅಂಥ ಕಾರ್ಡೇ ಇಲ್ಲವೆಂದು ಸಾರುವ ದೋಷದ ಚೌಕ ಇತ್ತು. ತಪ್ಪು ನನ್ನದೇ; ಆ ಕಾರ್ಡನ್ನೂ ಕಳೆಯೆಂದು ಕಿತ್ತುಬಿಟ್ಟಿದ್ದೆ. ಬಳಕೆಯಲ್ಲಿ ಏನಿದೆಯೆಂದು ನಾನು ನನ್ನ ಡ್ಯಾಶ್‌ಬೋರ್ಡನ್ನಷ್ಟೇ ನೋಡಿದ್ದೆ; ಅಮ್ಮನಿಗೆಂದು ದೊಡ್ಡ ಅಕ್ಷರಗಳಲ್ಲಿ ಮಾಡಿಕೊಟ್ಟಿದ್ದ ಬೇರೆ ಡ್ಯಾಶ್‌ಬೋರ್ಡ್ ಮರೆತೇಹೋಗಿತ್ತು. ಕಾರ್ಡಿನ ಸಂರಚನೆ ಡ್ಯಾಶ್‌ಬೋರ್ಡಿನಲ್ಲೇ ಉಳಿದಿರುವುದರಿಂದ, ಹೊಸ ಪಟ್ಟಿಯಲ್ಲಿ ಹೆಸರು ಹುಡುಕಿ ಮತ್ತೆ ಇಳಿಸಿ, ಫೋನಿನ ಆ್ಯಪನ್ನು ಮುಚ್ಚಿ ತೆರೆದದ್ದೇ ಸಾಕಾಯಿತು. ಕಾರ್ಡುಗಳಿಗೆ ಇಂಟಿಗ್ರೇಷನ್‌ಗಳಂತೆ ರೀಸ್ಟಾರ್ಟ್ ಬೇಕಿಲ್ಲ. ಯಾವುದೇ ಕಾರ್ಡ್ ತೆಗೆಯುವ ಮೊದಲು ಮನೆಯ ಪ್ರತಿಯೊಂದು ಡ್ಯಾಶ್‌ಬೋರ್ಡಿನ ಕಚ್ಚಾ ಸಂರಚನೆಯನ್ನು ತೆರೆದು, ‘ಕಸ್ಟಮ್’ ಎಂಬ ಪದವಿರುವ ಸಾಲುಗಳನ್ನು ಹುಡುಕುವುದನ್ನು ಅಂದಿನಿಂದ ರೂಢಿ ಮಾಡಿಕೊಂಡಿದ್ದೇನೆ.

ಈಗ ಹ್ಯಾಕ್ಸ್‌ನ ಅಪ್‌ಡೇಟ್‌ಗಳು ಹೋಮ್ ಅಸಿಸ್ಟೆಂಟ್‌ನ ಇತರ ಅಪ್‌ಡೇಟ್‌ಗಳ ಸಾಲಿನಲ್ಲೇ, ಬಿಡುಗಡೆ ಟಿಪ್ಪಣಿಯೊಂದಿಗೆ ಬರುತ್ತವೆ. ಕಂಡ ಕೂಡಲೇ ಒತ್ತುವ ಚಪಲವನ್ನು ಇದು ಹೆಚ್ಚಿಸುತ್ತದೆ ಎಂಬುದು ನನ್ನ ಆಕ್ಷೇಪ. ಅಂಗಡಿಯಲ್ಲಿ ಇಟ್ಟಿದ್ದಾರೆಂದ ಮಾತ್ರಕ್ಕೆ ಕೋಡನ್ನು ಯಾರೋ ಸಾಲುಸಾಲಾಗಿ ಪರಿಶೀಲಿಸಿದ್ದಾರೆಂದು ಅರ್ಥವಲ್ಲ, ಮತ್ತು ಕಸ್ಟಮ್ ಇಂಟಿಗ್ರೇಷನ್ ಹೋಮ್ ಅಸಿಸ್ಟೆಂಟ್‌ನೊಳಗೇ ಓಡುವುದರಿಂದ ಅದಕ್ಕೆ ಎಟುಕದ್ದು ಕಡಿಮೆ. ಹಾಗಾಗಿ ಟಿಪ್ಪಣಿ ಓದಿ, ವಾರ ಬಿಟ್ಟು, ಟ್ಯಾಂಕು ತುಂಬಿರುವ ಹೊತ್ತಿನಲ್ಲಿ ಮಾತ್ರ ಹಾಕುತ್ತೇನೆ. ನೋಟ್‌ಬುಕ್ಕಿನ ಪಟ್ಟಿಯಲ್ಲೀಗ 11 ಸಾಲುಗಳಿವೆ. ಅಮ್ಮನ ಪರದೆಯಲ್ಲಿ ಬರುವ ಮೂರರ ಪಕ್ಕದಲ್ಲಿ ಕೆಂಪು ಶಾಯಿಯ ಗುರುತಿದೆ.